ಗುರುವಾರದವರೆಗೆ ಬಿಚ್ಚಬೇಡ

ಗುರುವಾರ ಬೆಳಗ್ಗೆ ಆರೂಕಾಲಿಗೆ ಚಿನ್ನಿ ಕಪ್ಪು ಬಟ್ಟೆಯ ಗಂಟು ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಅಂಗೈಯಗಲದ ಹಾಳೆ. ಅದಕ್ಕೆ ಒತ್ತೊತ್ತಾಗಿ ಅಂಟಿಕೊಂಡ ನಾನೂರು ರೇಷ್ಮೆ ಮೊಟ್ಟೆ. ಎಲ್ಲವೂ ಬೆಳ್ಳಗಾಗಿದ್ದವು.

ಹುಳ? ಒಂದೂ ಇರಲಿಲ್ಲ.

ಹಾಳೆ ತಿರುಗಿಸಿದಳು. ಡಬ್ಬಿಯ ಮೂಲೆಮೂಲೆಗೂ ಟಾರ್ಚು ಬಿಟ್ಟಳು. ಬಟ್ಟೆಯನ್ನು ಬಿಳಿ ಕಾಗದದ ಮೇಲೆ ಕೊಡವಿದಳು. ಏನೂ ಉದುರಲಿಲ್ಲ. ಸೋಮವಾರ ನೋಡಿದಾಗ ಇದೇ ಮೊಟ್ಟೆಗಳು ಬೂದು ಬಣ್ಣಕ್ಕಿದ್ದವು, ಒಂದೊಂದರೊಳಗೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. "ಅದು ಮರಿಯ ತಲೆ" ಎಂದು ತೋರಿಸಿಕೊಟ್ಟು, ತಮ್ಮ ಕೈಯಾರೆ ಕಪ್ಪು ಬಟ್ಟೆ ಸುತ್ತಿದವರು ಹುಳದ ಮೇಷ್ಟ್ರು. "ಕತ್ತಲಲ್ಲಿರಲಿ. ಬೆಳಕು ಬಿದ್ದ ಕೂಡಲೇ ಎಲ್ಲಾ ಒಟ್ಟಿಗೆ ಹೊರಗೆ ಬರ್ತವೆ. ಗುರುವಾರದವರೆಗೆ ಬಿಚ್ಚಬೇಡ" ಎಂದಿದ್ದರು. ಅವಳು ಬಿಚ್ಚಿರಲಿಲ್ಲ. ಮೂರು ದಿನ ಆ ಡಬ್ಬಿಯ ಸುತ್ತ ಸುಳಿದಾಡಿದ್ದಳೇ ಹೊರತು ಮುಟ್ಟಿರಲಿಲ್ಲ.

ಫೋನ್ ಮಾಡಿದ ಕಾಲು ಗಂಟೆಗೆ ಮೇಷ್ಟ್ರು ಬಂದರು. ನಾಲ್ಕು ಬೀದಿ ಆಚೆ ಅವರ ಮನೆ. ಶಾಲೆಯಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತರಾದವರು. ಮೂವತ್ತು ವರ್ಷದಿಂದ ಒಂದೇ ತಳಿಯ ಹುಳವನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡು ಬಂದವರು. ನಗರದಲ್ಲಿ ಗೆಕ್ಕೊ ಎಂಬ ಸಾಕುಹಲ್ಲಿಗೆ ಹುಳ ತಿನ್ನಿಸುವವರೆಲ್ಲ ಮೊಟ್ಟೆಗೆ ಅವರ ಮನೆ ಬಾಗಿಲಿಗೇ ಹೋಗಬೇಕು. ಅವರು ಕನ್ನಡಕ ಹಣೆಗೇರಿಸಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು.

"ಕೆಟ್ಟಿದೆ ಕಣಮ್ಮ. ನೋಡು, ಎಲ್ಲಾ ಬೆಳ್ಳಗಾಗಿವೆ."

"ಹೇಗೆ ಕೆಟ್ಟಿತು ಮೇಷ್ಟ್ರೇ? ನೀವು ಹೇಳಿದ ಹಾಗೇ ಇಟ್ಟಿದ್ದೆ."

ಅವರು ಕಪಾಟಿನತ್ತ ನೋಡಿದರು. ಡಬ್ಬಿಯ ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆ ಕೂತಿತ್ತು. "ಇದು ಯಾರದು? ಇದರ ಬಿಸಿಗೇ ಬೆಂದುಹೋಗಿವೆ. ನಿನ್ನ ತಪ್ಪಲ್ಲ ಬಿಡು. ಕೊಡು, ಹಾಳೆ ನಾನೇ ಎಸೀತೀನಿ."

ಚಿನ್ನಿ ಕೊಡಲಿಲ್ಲ. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಹನ್ನೆರಡು ದಿನ ಕಾದಿದ್ದ ಹಾಳೆ. ಕೈ ಬಿಡಲು ಮನಸ್ಸು ಬರಲಿಲ್ಲ, ಅಷ್ಟೆ.

ಇಸ್ತ್ರಿ ಪೆಟ್ಟಿಗೆ ಅವಳ ಮೈದುನನದು. ಕೋಣೆಯೂ ಅವನದೇ. ಮನೆಯಲ್ಲಿ ತಂಪಾಗಿರುವುದು ಅದೊಂದೇ ಎಂದು ಅವನ ಕಪಾಟಿನಲ್ಲಿ ಒಂದು ಅಂಕಣ ಕೇಳಿ ಪಡೆದಿದ್ದಳು. "ನನ್ನ ತಲೆದಿಂಬಿನ ಪಕ್ಕ ಹುಳ ಮರಿ ಹಾಕಿಸ್ತೀರಾ ಅತ್ತಿಗೆ?" ಎಂದು ಅವನು ಅವತ್ತೇ ಮುಖ ಸಿಂಡರಿಸಿದ್ದ. ಈಗ ಅವನು ರಾತ್ರಿ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುವುದಕ್ಕೂ ಬಿಡದೆ ಚಿನ್ನಿ ಎಗರಿಬಿದ್ದಳು.

"ಬೇಕು ಅಂತ್ಲೇ ಮಾಡಿದೆಯಾ?"

"ಏನು ಮಾಡಿದೆ?"

"ಬಿಸಿ ಇಸ್ತ್ರಿ ಪೆಟ್ಟಿಗೆ ಯಾಕೆ ಅಲ್ಲಿಟ್ಟೆ?"

"ನನ್ನ ಕೋಣೆ, ನನ್ನ ಕಪಾಟು. ಇನ್ನೆಲ್ಲಿಡಲಿ, ತಲೆ ಮೇಲಾ?"

ಮಾತಿಗೆ ಮಾತು ಬೆಳೆಯಿತು. ಅತ್ತೆ ಮಗನ ಪರ ನಿಂತರು. ಮಧ್ಯಾಹ್ನದ ಹೊತ್ತಿಗೆ ಮೈದುನ ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡು, ಕೆಲಸದ ಕಡೆಯೇ ಮಲಗುತ್ತೇನೆಂದು ಹೊರಟುಹೋದ.

ಇಷ್ಟೆಲ್ಲ ಒಂದು ಹಲ್ಲಿಗಾಗಿ. ಸಾಹೇಬ ಅದರ ಹೆಸರು. ಹಳದಿ ಮೈ, ಕಪ್ಪು ಚುಕ್ಕೆ, ಹೆಬ್ಬೆರಳಿನಷ್ಟು ದಪ್ಪ ಬಾಲ. ಈಗ ಬಾಲ ಕಿರುಬೆರಳಿಗಿಳಿದಿತ್ತು. ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವ ಗಂಡ ಒಂಬತ್ತು ವರ್ಷ ಸಾಕಿ, ಹೊರಡುವಾಗ ಅವಳ ಕೈಗೊಪ್ಪಿಸಿ ಹೋದ ಜೀವ. ಸುಣ್ಣದ ಅಂಶ ಕಡಿಮೆಯಾಗಿ ದವಡೆ ಮೆತ್ತಗಾಗಿದೆ, ಗಟ್ಟಿ ಚಿಪ್ಪಿನ ಹುಳ ಅಗಿಯಲಾರದು, ರೇಷ್ಮೆ ಹುಳವೊಂದೇ ದಾರಿ ಎಂದು ಪ್ರಾಣಿ ಡಾಕ್ಟರು ಹೇಳಿ ತಿಂಗಳಾಗಿತ್ತು. ಚಿನ್ನಿಗೆ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ. "ಹಗಲೆಲ್ಲ ಹಲ್ಲು, ಸಂಜೆಯೆಲ್ಲ ಹಲ್ಲಿ" ಎಂದು ಅತ್ತೆ ನಗುತ್ತಿದ್ದರು. ಈಗ ಮನೆಯಲ್ಲಿ ನಗು ನಿಂತಿತ್ತು.

ಪ್ರಾಣಿ ಅಂಗಡಿಯವನು ತಂದುಕೊಟ್ಟ ಡಬ್ಬದಲ್ಲಿ ದೊಡ್ಡ ರೇಷ್ಮೆ ಹುಳ ಉಳಿದಿದ್ದದ್ದು ಹದಿನಾರು. ಅವನೂ ಕೈ ಚೆಲ್ಲಿದ್ದ: "ಪಾರ್ಸೆಲಲ್ಲಿ ಬರೋಷ್ಟರಲ್ಲಿ ಅರ್ಧ ಸಾಯ್ತಿವೆ ಮೇಡಂ, ಇನ್ನು ತರಿಸಲ್ಲ." ದಿನಕ್ಕೊಂದು ಕೊಟ್ಟರೆ ಹದಿನಾರು ದಿನ. ಮೊಟ್ಟೆಯೊಡೆದ ಮರಿ ಬೆರಳುದ್ದವಾಗಲು ಹೆಚ್ಚುಕಮ್ಮಿ ಅಷ್ಟೇ ದಿನ ಬೇಕು. ಆ ಲೆಕ್ಕದ ಮೇಲೆಯೇ ಅವಳು ನಿಂತಿದ್ದಳು. ಈಗ ಅದು ಕುಸಿದಿತ್ತು. ಗಂಡನ ಧ್ವನಿ ಸಂದೇಶ ಬಂದಿತ್ತು — "ಸಾಹೇಬ್ರು ಊಟ ಮಾಡಿದ್ರಾ?" "ಹೂಂ, ಚೆನ್ನಾಗಿದ್ದಾರೆ" ಎಂದು ಕಳಿಸಿದಳು. ಆಮೇಲೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಹುಳ ಎಣಿಸಿದಳು. ಮತ್ತೆ ಎಣಿಸಿದಳು.

ಶನಿವಾರ ಸಂಜೆ ದೊಡ್ಡಮ್ಮ ಬಂದರು.

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವರು. ಯಾರ ಸೋಪು ಯಾರ ಬಕೆಟ್ಟಿಗೆ ಹೋಯಿತು, ಯಾರ ಕಿವಿಯೋಲೆ ಯಾರ ದಿಂಬಿನಡಿ ಸಿಕ್ಕಿತು — ಇದರಲ್ಲೇ ಕೂದಲು ನರೆತವರು. ಚಿನ್ನಿಯ ಕಥೆಯನ್ನು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಕೈ ಚಾಚಿದರು.

"ಆ ಹಾಳೆ ಎಲ್ಲಿ? ಎಸೆದುಬಿಟ್ಟೆಯಾ?"

"ಇಲ್ಲ. ಇದೆ."

"ಹಲ್ಲು ಕೆತ್ತೋವಾಗ ಕಣ್ಣಿಗೆ ಹಾಕ್ಕೋತೀಯಲ್ಲ, ಆ ಭೂತಗನ್ನಡಿ ಕೊಡು."

ಕಿಟಕಿಯ ಬಳಿ ನಿಂತು ಬಹಳ ಹೊತ್ತು ನೋಡಿದರು. ಚಿನ್ನಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಳು.

"ನೀನು ನೋಡಿದ್ಯಾ ಇದನ್ನ, ಗಾಜು ಹಾಕಿ?"

"ಇಲ್ಲ. ಕೆಟ್ಟಿದೆ ಅಂದಮೇಲೆ ನೋಡೋದೇನು?"

"ಈಗ ನೋಡು."

ಚಿನ್ನಿ ಬಗ್ಗಿದಳು. ಸಾಬೂನಿನ ಗುಳ್ಳೆಯಂಥ ಬಿಳಿ ಚಿಪ್ಪುಗಳು. ಒಳಗೆ ಏನೂ ಇಲ್ಲ — ಬೆಳಕು ಆಚೆಗೆ ಹಾಯುತ್ತಿತ್ತು. ಮತ್ತೆ ಒಂದೊಂದರ ಅಂಚಿನಲ್ಲೂ ಪುಟ್ಟದೊಂದು ತೂತು. ಕಡಿದು ಮಾಡಿದ ತೂತು.

"ಕೆಟ್ಟ ಮೊಟ್ಟೆಗೆ ಬಾಗಿಲು ಇರುತ್ತೇನೇ?" ಎಂದರು ದೊಡ್ಡಮ್ಮ.

ಚಿನ್ನಿ ಗಾಜನ್ನು ಮುಂದಿನ ಸಾಲಿಗೆ ಸರಿಸಿದಳು. ಅಲ್ಲೂ ತೂತು. "ಅಂದ್ರೆ… ಮರಿ ಆಗಿವೆ?"

"ಎಲ್ಲವೂ ಆಗಿವೆ. ಆಗಿ, ಹೋಗಿವೆ. ಮೂರು ದಿನದಿಂದ ಯಾರು ಕೆಡಿಸಿದ್ರು ಅಂತ ಕಿತ್ತಾಡ್ತಿದ್ದೀರಿ. ಕೇಳಬೇಕಾದ್ದು ಅದಲ್ಲ. ಯಾರು ತಗೊಂಡು ಹೋದ್ರು?"

"ತಾವಾಗೇ ಹರಿದುಕೊಂಡು ಹೋಗಿರಬಹುದಲ್ಲ?"

"ನಾನೂರೂ? ಗಂಟು ಹಾಕಿದ ಬಟ್ಟೆಯೊಳಗಿಂದ? ಒಂದಾದ್ರೂ ಸತ್ತು ಬಿದ್ದಿರಬೇಡವೇ? ಯಾರೋ ನಿಧಾನಕ್ಕೆ, ಒಂದನ್ನೂ ಬಿಡದೆ ಎತ್ತಿಕೊಂಡಿದ್ದಾರೆ."

ದೊಡ್ಡಮ್ಮ ಅಡುಗೆಮನೆಗೆ ಹೋದರು. ಅತ್ತೆ ಪಾತ್ರೆ ಒರೆಸುತ್ತಿದ್ದರು. ಮುಖ ಇನ್ನೂ ಬಿಗಿದುಕೊಂಡೇ ಇತ್ತು.

"ಬೀಗಿತ್ತಿ, ಸೋಮವಾರದಿಂದ ಈಚೆಗೆ ಆ ಕೋಣೆಗೆ ಯಾರ್ಯಾರು ಹೋದ್ರು?"

"ನನ್ನ ಮಗನ್ನೇ ಕಳ್ಳ ಅಂತೀರಾ ನೀವೂ?"

"ಅಂದಿಲ್ಲ. ಕೇಳ್ದೆ."

"ಮಂಗಳವಾರ ಯಾರೂ ಇಲ್ಲ. ಬುಧವಾರ ಇಬ್ಬರು ಬಂದಿದ್ರು. ಇವಳು ಏಳಕ್ಕೆ ಲ್ಯಾಬಿಗೆ ಹೋದಳು. ಅದರ ಬೆನ್ನಿಗೇ ಮೇಷ್ಟ್ರು ಬಂದ್ರು, ಡಬ್ಬಿ ಸರಿಯಾಗಿದೆಯಾ ನೋಡಿ ಹೋಗ್ತೀನಿ ಅಂತ. ಎಂಟೂಕಾಲಿಗೆ ಹೋದ್ರು. ಎಂಟೂವರೆಗೆ ಮಗ ಬಂದು ಮಲಗಿದ. ಹತ್ತಕ್ಕೆ ಆ ಅಂಗಡಿಯವನು ದೊಡ್ಡ ಹುಳದ ಡಬ್ಬ ತಂದ. ಒಳಗಿಡು ಅಂದೆ."

"ಮೇಷ್ಟ್ರು ಒಂದು ಗಂಟೆ ಏನು ಮಾಡಿದ್ರು?"

"ನನಗೇನು ಗೊತ್ತು? ನಾನು ಸ್ನಾನಕ್ಕೆ ಹೋದೆ. ಕೋಣೆ ಕತ್ತಲು, ಕಿಟಕಿ ತೆಗೀಲಾ ಅಂತ ಕೇಳಿದ್ರು. ತೆಗೀರಿ ಅಂದೆ."

"ಕೈಯಲ್ಲಿ ಏನಾದ್ರೂ ಇತ್ತಾ?"

"ಊಟದ ಡಬ್ಬಿ ಇತ್ತು."

ದೊಡ್ಡಮ್ಮ ಹೂಂಗುಟ್ಟಿದರು, ಅಷ್ಟೆ. ಆದರೆ ಚಿನ್ನಿಗೆ ತಡೆಯಲಾಗಲಿಲ್ಲ. "ದೊಡ್ಡಮ್ಮ, ಅಂಗಡಿಯವನೇ! ಪಾರ್ಸೆಲಲ್ಲಿ ಹುಳ ಉಳೀತಿಲ್ಲ, ಮಾರೋಕೆ ಅವನಿಗೆ ಬೇಕಲ್ಲ. ಹೋದ ವಾರವೂ ಕೇಳ್ತಿದ್ದ, ಎಷ್ಟು ಮೊಟ್ಟೆ, ಯಾವಾಗ ಒಡೆಯುತ್ತೆ ಅಂತ."

"ನಡಿ ಹಾಗಾದ್ರೆ. ಅಂಗಡಿ ಮುಚ್ಚೋ ಮುಂಚೆ."

ಅಂಗಡಿಯಲ್ಲಿ ಮೀನಿನ ತೊಟ್ಟಿಗಳ ಗುಳುಗುಳು ಸದ್ದು, ಮರದ ಹೊಟ್ಟಿನ ವಾಸನೆ. ಅಂಗಡಿಯವನು ಗಿಳಿಯ ಪಂಜರ ತೊಳೆಯುತ್ತಿದ್ದ. ಚಿನ್ನಿಯನ್ನು ಕಂಡವನೇ ಕೈ ಒರೆಸಿಕೊಂಡ.

"ಬುಧವಾರ ನಮ್ಮ ಮನೆಗೆ ಬಂದಿದ್ರಲ್ಲ," ಎಂದರು ದೊಡ್ಡಮ್ಮ, "ಕಪ್ಪು ಬಟ್ಟೆ ಯಾಕೆ ಬಿಚ್ಚಿದ್ರಿ?"

ಕತ್ತಲಲ್ಲಿ ಕಲ್ಲು ಎಸೆದಂಥ ಪ್ರಶ್ನೆ. ಅದು ತಾಗಿತು. ಅವನ ಕಿವಿ ಕೆಂಪಾಯಿತು.

"ನಾನು… ಸುಮ್ನೆ ನೋಡೋಣ ಅಂತ. ಮೇಡಂ, ನಾನೇನೂ ಮುಟ್ಟಿಲ್ಲ!"

"ಏನು ಕಂಡಿತು?"

"ಏನೂ ಇರಲಿಲ್ಲ. ಬೆಳ್ಳಗೆ, ಉಪ್ಪಿನ ಹರಳು ಅಂಟಿಸಿದ ಹಾಗೆ. ಇವರ ಮೈದುನ ಪಕ್ಕದಲ್ಲೇ ಗೊರಕೆ ಹೊಡೀತಿದ್ರು. ಎದ್ದುಬಿಟ್ರೆ ಕಷ್ಟ ಅಂತ ಮತ್ತೆ ಗಂಟು ಹಾಕಿ ಬಂದೆ."

"ಬೆಳ್ಳಗಿತ್ತಾ? ಬೂದು ಅಲ್ಲ? ಚೆನ್ನಾಗಿ ನೆನಪು ಮಾಡ್ಕೊಳ್ಳಿ."

"ಬೆಳ್ಳಗೇ. ಮೋಸ ಹೋಗಿದ್ದಾರೆ ಪಾಪ, ಪೊಳ್ಳು ಮೊಟ್ಟೆ ಅಂದ್ಕೊಂಡೆ."

"ಅಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತಾ?"

"ಇರಲಿಲ್ಲ. ಬರೀ ಡಬ್ಬಿ, ಒಂದು ಬಾಚಣಿಗೆ."

ಹೊರಗೆ ಬಂದು ಚಿನ್ನಿ ಕೇಳಿದಳು: "ಅವನು ಸುಳ್ಳು ಹೇಳ್ತಿರಬಹುದಲ್ಲ?"

"ಕದ್ದವನು ಯಾರಾದ್ರೂ ಬಟ್ಟೆ ಬಿಚ್ಚಿದ್ದು ನಿಜ ಅಂತ ಒಪ್ಕೊಳ್ತಾನೇನೇ? ಸರಿ, ನಿನ್ನ ಮೈದುನನಿಗೆ ಫೋನ್ ಹಚ್ಚು."

ಮೈದುನ ಮೂರನೆಯ ಸಲಕ್ಕೆ ಎತ್ತಿದ. ದೊಡ್ಡಮ್ಮನೇ ಮಾತಾಡಿದರು. "ಏನಪ್ಪಾ, ಅಂಗಿ ಯಾವಾಗ ಇಸ್ತ್ರಿ ಮಾಡಿದ್ದು?" ಬುಧವಾರ ಸಂಜೆ ಆರಕ್ಕೆ, ಪಾಳಿಗೆ ಹೊರಡುವ ಮುಂಚೆ. "ರೇಷ್ಮೆ ಹುಳದ ಮರಿ ಹೇಗಿರುತ್ತೆ ಗೊತ್ತಾ?" ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದು ಅವನು ಫೋನ್ ಇಟ್ಟ.

ಆ ರಾತ್ರಿ ಚಿನ್ನಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ದೊಡ್ಡಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದರು. "ಮೇಷ್ಟ್ರ ಮನೆಗೆ ಹೋಗೋಣ."

"ಅವರಿಗೆ ಯಾಕೆ ತೊಂದರೆ? ಪಾಪ, ಫೋನ್ ಮಾಡಿದ ತಕ್ಷಣ ಓಡಿ ಬಂದ್ರು."

"ಬಾ ಅಂದ್ರೆ ಬಾ."

ಮೇಷ್ಟ್ರ ಮನೆಯ ಮುಂದಿನ ಹಿಪ್ಪುನೇರಳೆ ಗಿಡ ಬೋಳುಬೋಳಾಗಿತ್ತು. ತುದಿಯ ಎಳೆ ಎಲೆಗಳನ್ನು ಯಾರೋ ಒಂದೊಂದಾಗಿ ಚಿವುಟಿದ್ದರು. ಮೇಷ್ಟ್ರು ಬಾಗಿಲು ಅರ್ಧ ತೆರೆದು ನಿಂತರು. ಗಡ್ಡ ಬೋಳಿಸಿಕೊಂಡಿರಲಿಲ್ಲ.

"ಏನಮ್ಮ, ಇಷ್ಟು ಬೆಳಗ್ಗೆ?"

"ನಮ್ಮ ಹುಳ ನೋಡೋಕೆ ಬಂದ್ವಿ," ಎಂದರು ದೊಡ್ಡಮ್ಮ.

ಮೇಷ್ಟ್ರು ಬಾಗಿಲನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡರು. ಚಿನ್ನಿ ದೊಡ್ಡಮ್ಮನ ಮುಖ ನೋಡಿದಳು.

"ದೊಡ್ಡಮ್ಮ! ಏನು ಹೇಳ್ತಿದ್ದೀರಿ?"

"ಒಂದೊಂದಾಗಿ ಹೇಳ್ತೀನಿ ಕೇಳು. ಬುಧವಾರ ಹತ್ತು ಗಂಟೆಗೆ ಅಂಗಡಿಯವನು ನೋಡಿದಾಗಲೇ ಮೊಟ್ಟೆ ಖಾಲಿ. ಇಸ್ತ್ರಿ ಪೆಟ್ಟಿಗೆ ಬಂದದ್ದು ಸಂಜೆ. ಹಾಗಾಗಿ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹತ್ತಕ್ಕೆ ಮುಂಚೆ ಕೋಣೆಯಲ್ಲಿದ್ದವರು ಇಬ್ಬರೇ. ನಿನ್ನ ಮೈದುನ, ಇವರು. ಮೈದುನನಿಗೆ ಆ ಮರಿ ಬೇಡ, ಬೇಕಾದ್ರೂ ಎತ್ತೋಕೆ ಬರಲ್ಲ. ಇವರು ಕಿಟಕಿ ತೆಗೆಸಿದ್ರು. ಕತ್ತಲಲ್ಲಿರಲಿ ಅಂತ ನಿನಗೆ ಪಾಠ ಹೇಳಿದವರು ತಾವೇ ಬೆಳಕು ಬಿಟ್ರು. ಯಾಕೆ? ಬೆಳಕು ಬಿದ್ರೆ ಎಲ್ಲಾ ಒಟ್ಟಿಗೆ ಹೊರಗೆ ಬರ್ತವೆ. ಇನ್ನು ನಿವೃತ್ತಿಯಾದವರಿಗೆ ಬೆಳಗ್ಗೆ ಏಳಕ್ಕೆ ಊಟದ ಡಬ್ಬಿ ಎಲ್ಲಿಗೆ?"

"ಇಷ್ಟಕ್ಕೇ ನನ್ನನ್ನ…" ಎಂದರು ಮೇಷ್ಟ್ರು.

"ಇಷ್ಟಕ್ಕೇ ಅಲ್ಲ. ಇಷ್ಟೇ ಆಗಿದ್ರೆ ನಾನು ಬರ್ತಿರಲಿಲ್ಲ." ದೊಡ್ಡಮ್ಮ ಚಿನ್ನಿಯ ಕಡೆ ತಿರುಗಿದರು. "ಮೊಟ್ಟೆ ಕೆಟ್ಟಿದೆ ಅಂತ ನಿನಗೆ ಹೇಳಿದ್ದು ಯಾರು?"

"ಮೇಷ್ಟ್ರು."

"ನಿನಗೆ ಗೊತ್ತಾಗಲಿಲ್ಲ, ಸರಿ. ಹೊಸಬಳು. ಅಂಗಡಿಯವನೂ ಪೊಳ್ಳು ಅಂದ್ಕೊಂಡ, ಅವನಿಗೂ ಗೊತ್ತಿಲ್ಲ. ನಾನು ಜನ್ಮದಲ್ಲಿ ರೇಷ್ಮೆ ಮೊಟ್ಟೆ ನೋಡಿದವಳಲ್ಲ, ನನಗೇ ಗಾಜು ಹಾಕಿದ್ರೆ ತೂತು ಕಾಣಿಸ್ತು. ಮೂವತ್ತು ವರ್ಷ ಇದನ್ನೇ ಮಾಡಿದವರು ಕಣ್ಣ ಹತ್ತಿರ ಹಿಡಿದು ನೋಡಿ ಕೆಟ್ಟಿದೆ ಅಂತಾರೆ ಅಂದ್ರೆ? ಬೇರೆ ಯಾರು ಅಂದಿದ್ರೂ ಅದು ತಪ್ಪು ತಿಳಿವಳಿಕೆ. ಇವರ ಬಾಯಲ್ಲಿ ಮಾತ್ರ ಅದು ಸುಳ್ಳು. ಅದಕ್ಕೇ ಹಾಳೆಯನ್ನೂ ಕೇಳಿದ್ರು, ನಾನೇ ಎಸೀತೀನಿ ಅಂತ. ಕದ್ದವರು ಇವರೇ."

ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು. ಮೇಷ್ಟ್ರು ಬಾಗಿಲಿನಿಂದ ಸರಿದು ನಿಂತರು.

ಹಿಂದಿನ ಕೋಣೆಯಲ್ಲಿ ಹತ್ತು ತಟ್ಟೆಗಳ ಚೌಕಟ್ಟು. ಒಂಬತ್ತು ಖಾಲಿ, ತೊಳೆದು, ಸುಣ್ಣ ಬಳಿದು ಒಣಗಿಸಿದ್ದವು. ಹತ್ತನೆಯದರಲ್ಲಿ ಕತ್ತರಿಸಿದ ಎಲೆಯ ಮೇಲೆ, ಅಕ್ಕಿಕಾಳಿಗಿಂತ ತುಸು ಉದ್ದದ ನಾನೂರು ಹುಳ.

"ಸೀಕು ಬಂತು," ಎಂದರು ಮೇಷ್ಟ್ರು. "ಮೊದಲು ಎರಡು ಕಪ್ಪಾದವು. ನಾಲ್ಕು ದಿನಕ್ಕೆ ಇಡೀ ಮನೆ. ನನ್ನದೇ ತಪ್ಪು, ಸೋಮಾರಿತನ ಮಾಡಿ ಒದ್ದೆ ಎಲೆ ಹಾಕಿದೆ. ಒಂದು ಸಣ್ಣ ತಪ್ಪಿಗೆ ಎಷ್ಟು ಜನರನ್ನ ಬೈದು ಮೊಟ್ಟೆ ಕೊಡದೆ ವಾಪಸ್ಸು ಕಳಿಸಿದ್ದೀನಿ ನಾನು! ಮೂವತ್ತು ವರ್ಷದ ತಳಿ… ಉಳಿದಿದ್ದು ನಿನ್ನ ಹತ್ತಿರ ಇದ್ದ ಹಾಳೆ ಒಂದೇ."

"ಕೇಳಬಹುದಿತ್ತಲ್ಲ?" ಚಿನ್ನಿಯ ದನಿ ಅವಳಿಗೇ ಅಪರಿಚಿತವಾಗಿತ್ತು. "ಅರ್ಧ ಕೊಡು ಅಂದಿದ್ರೆ ಕೊಡ್ತಿರಲಿಲ್ವಾ?"

"ನನ್ನ ಹುಳ ಸತ್ತವು ಅಂತ ಯಾವ ಬಾಯಲ್ಲಿ ಹೇಳಲಿ? ಅರ್ಧವೇ ತಗೊಳ್ಳೋಣ ಅಂತಲೇ ಬಂದೆ. ಆಮೇಲೆ… ನೀನು ಹೊಸಬಳು, ಎರಡು ದಿನಕ್ಕೆ ಕೊಂದುಬಿಡ್ತೀಯ ಅನ್ನಿಸ್ತು."

"ನನ್ನ ಮೈದುನ ಮನೆ ಬಿಟ್ಟು ಹೋಗಿದ್ದಾನೆ ಮೇಷ್ಟ್ರೇ. ಇಸ್ತ್ರಿ ಪೆಟ್ಟಿಗೆ ತೋರಿಸಿಕೊಟ್ಟವರು ನೀವು."

ಚಿನ್ನಿ ತಟ್ಟೆಗೆ ಕೈ ಹಾಕಿದಳು.

"ಬೇಡ!" ಮೇಷ್ಟ್ರು ಕೂಗಿಯೇಬಿಟ್ಟರು. "ಜ್ವರಕ್ಕೆ ಕೂತಿವೆ. ಈಗ ಅಲುಗಾಡಿಸಿದ್ರೆ ಸಾಯ್ತವೆ."

ಅವಳು ನೋಡಿದಳು. ನಿಜ. ಒಂದೂ ತಿನ್ನುತ್ತಿರಲಿಲ್ಲ. ಪೊರೆ ಕಳಚುವ ಮುಂಚೆ ಹುಳ ಹೀಗೆ ತಲೆಯೆತ್ತಿ ಅಲುಗದೆ ಕೂರುತ್ತದೆ, ಸಾಕುವವರು ಅದನ್ನು ಜ್ವರ ಎನ್ನುತ್ತಾರೆ ಎಂದು ಇದೇ ಮನುಷ್ಯ ಹೇಳಿಕೊಟ್ಟಿದ್ದರು. ಈ ಸಲ ಸುಳ್ಳೋ ನಿಜವೋ? ಅವಳು ದೊಡ್ಡಮ್ಮನತ್ತ ನೋಡಿದಳು. ಅವರು ಭೂತಗನ್ನಡಿ ಮುಂದೆ ಹಿಡಿದರು. "ನೀನೇ ನೋಡಿ ಹೇಳು. ಇನ್ನು ಯಾರ ಮಾತೂ ಕೇಳಬೇಡ."

ಗಾಜಿನಡಿಯಲ್ಲಿ ಹಳೆಯ ತಲೆಯ ಹಿಂದೆ ಹೊಸ ತಲೆಯೊಂದು ಉಬ್ಬುತ್ತಿತ್ತು.

"ಎಷ್ಟು ಹೊತ್ತು?"

"ನಿನ್ನೆ ಮಧ್ಯಾಹ್ನ ಕೂತವು. ಇವತ್ತು ಮೂರರ ಹೊತ್ತಿಗೆ ಏಳ್ತವೆ."

"ನಾನು ಇಲ್ಲೇ ಇರ್ತೀನಿ. ಅಲ್ಲಿವರೆಗೆ ನಿಮಗೆ ಒಂದು ಕೆಲಸ ಇದೆ." ಅವಳು ಮೈದುನನ ನಂಬರು ಒತ್ತಿ ಫೋನನ್ನು ಅವರ ಮುಂದೆ ಹಿಡಿದಳು. "ನಿಮ್ಮ ಬಾಯಿಂದಲೇ ಹೇಳಿ."

ಮೇಷ್ಟ್ರು ಹೇಳಿದರು. ಎರಡು ಸಲ ತಡವರಿಸಿದರು, ಆದರೆ ಏನನ್ನೂ ಮುಚ್ಚಿಡಲಿಲ್ಲ. ಆಮೇಲೆ ಮೈದುನ ಅತ್ತಿಗೆಗೆ ಕೊಡಿ ಎಂದ. ಫೋನ್ ಕಿವಿಗಿಟ್ಟುಕೊಂಡ ಚಿನ್ನಿಗೆ "ತಪ್ಪಾಯ್ತು ಕಣೋ" ಅನ್ನುವುದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. "ಸಂಜೆ ಬರ್ತೀನಿ ಬಿಡಿ. ಇಲ್ಲಿ ಸೊಳ್ಳೆ," ಎಂದು ಅವನು ಇಟ್ಟ.

ದೊಡ್ಡಮ್ಮ ಕುರ್ಚಿಯಲ್ಲೇ ತೂಕಡಿಸಿದರು. ಚಿನ್ನಿ ತಟ್ಟೆಯ ಪಕ್ಕ ಮುಕ್ಕಾಲಿ ಹಾಕಿ ಕೂತಳು, ಎದ್ದಳು, ಮತ್ತೆ ಕೂತಳು. ಮೇಷ್ಟ್ರು ಗೋಡೆಗೊರಗಿ ನಿಂತೇ ಇದ್ದರು. ಒಂದು ಗಂಟೆ. ಎರಡು. ಎರಡೂಮುಕ್ಕಾಲಿಗೆ ಅಂಚಿನ ಹುಳವೊಂದು ಮೈ ಕೊಡವಿತು. ಅದರ ಪಕ್ಕದ್ದು. ಆಮೇಲೆ ತಟ್ಟೆಯ ತುಂಬ ಸಣ್ಣ ಚಲನೆ.

ಮೇಷ್ಟ್ರು ಎಳೆ ಎಲೆ ತಂದರು. ಚಾಕು ಎತ್ತಿಕೊಳ್ಳಲು ಹೋದವರ ಕೈಯಿಂದ ಚಿನ್ನಿ ಅದನ್ನು ತೆಗೆದುಕೊಂಡಳು.

"ನೀವು ಹೇಳಿ ಸಾಕು. ನಾನು ಕತ್ತರಿಸ್ತೀನಿ. ಐವತ್ತು ಹುಳ ಇಲ್ಲಿ ಬಿಟ್ಟು ಹೋಗ್ತೀನಿ, ತಳಿಗೆ. ಮಿಕ್ಕಿದ್ದು ನನ್ನದು."

ಮೇಷ್ಟ್ರು ತಲೆಯಾಡಿಸಿದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಅವಳು ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ ಕತ್ತರಿಸತೊಡಗಿದಳು.

"ಇನ್ನೂ ಸಣ್ಣಗೆ," ಎಂದರು ಮೇಷ್ಟ್ರು ಮೆಲ್ಲಗೆ.

ಅವಳು ಹುಳದ ಬಾಯಿಯನ್ನೊಮ್ಮೆ ಗಾಜಿನಲ್ಲಿ ನೋಡಿದಳು. ಆಮೇಲೆ ಇನ್ನೂ ಸಣ್ಣಗೆ ಕತ್ತರಿಸಿದಳು.